ನದಿಗೆ ಎಷ್ಟು ಜಾಗ?

ಒಬ್ಬರು: ಯುರೋಪಿನ ನದಿಗಳು ಇವತ್ತು ಮುಖ್ಯವಾಗಿ ಎರಡು ಕಾನೂನುಗಳ ಹಿಡಿತದಲ್ಲಿವೆ. ಐರೋಪ್ಯ ಒಕ್ಕೂಟ 2000ದಲ್ಲಿ ತಂದ ಜಲ ಚೌಕಟ್ಟು ನಿರ್ದೇಶನ ನದಿಯ ಜೀವ ಉಳಿಸಿ ಎನ್ನುತ್ತದೆ. 2007ರ ಪ್ರವಾಹ ನಿರ್ದೇಶನ ನೆರೆಯಿಂದ ಜನರನ್ನು ಉಳಿಸಿ ಎನ್ನುತ್ತದೆ. ಮೀನಿಗೂ ಹಕ್ಕಿಗೂ ಬೇಕಾದದ್ದು ಬಳುಕುವ, ಕವಲೊಡೆಯುವ, ದಡದಲ್ಲಿ ಕಾಡು ಬೆಳೆದ ನದಿ. ನೆರೆ ನೀರನ್ನು ಬೇಗ ಸಾಗಹಾಕಬೇಕಾದ ಎಂಜಿನಿಯರಿಗೆ ಬೇಕಾದದ್ದು ಅಡ್ಡಿಯಿಲ್ಲದ ನೇರ ಪಾತ್ರ. ಒಂದೇ ನದಿಯಲ್ಲಿ ಇವೆರಡೂ ಹೇಗೆ ನಡೆಯಬೇಕು?

ಇನ್ನೊಬ್ಬರು: ನೇರ ಪಾತ್ರವೇ ಎಂಜಿನಿಯರಿಗೆ ಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದ ನಂಬಿಕೆ. ಅದನ್ನು ಪೂರ್ತಿಯಾಗಿ ಪರೀಕ್ಷೆಗೆ ಒಡ್ಡಿದ್ದು ರೈನ್ ನದಿಯಲ್ಲಿ. ಬಾಡೆನ್ ಸಂಸ್ಥಾನದ ಎಂಜಿನಿಯರ್ ಯೋಹಾನ್ ಗಾಟ್‌ಫ್ರೀಡ್ ಟುಲ್ಲಾ ಹಾಕಿದ ಯೋಜನೆಯಂತೆ 1817ರಿಂದ 1876ರವರೆಗೆ ಮೇಲಣ ರೈನಿನ ತಿರುವುಗಳನ್ನು ಒಂದೊಂದಾಗಿ ಕಡಿದು ನೇರ ಮಾಡಿದರು. ಟುಲ್ಲಾ 1828ರಲ್ಲೇ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಬಾಸೆಲ್‌ನಿಂದ ಬಿಂಗೆನ್‌ವರೆಗಿನ ನದಿ ಸುಮಾರು 81 ಕಿಲೋಮೀಟರ್ ಗಿಡ್ಡವಾಯಿತು. ದಡದ ಹಳ್ಳಿಗಳಿಗೆ ಆಗ ಲಾಭವೇ ಆಯಿತು. ಜೌಗು ಬತ್ತಿತು, ಮಲೇರಿಯಾ ಇಳಿಯಿತು, ಹೊಲ ಸಿಕ್ಕಿತು. ಇಪ್ಪತ್ತನೆಯ ಶತಮಾನದಲ್ಲಿ ಅದರ ಮೇಲೆ ಜಲವಿದ್ಯುತ್ತಿನ ಬ್ಯಾರೇಜುಗಳು ಬಂದವು. 1955ರಿಂದ 1977ರ ನಡುವಿನ ಕಾಮಗಾರಿಯೊಂದರಿಂದಲೇ ಸುಮಾರು 130 ಚದರ ಕಿಲೋಮೀಟರ್ ನೆರೆಬಯಲು, ಅಂದರೆ ತುಂಬಿದಾಗ ನದಿ ಹರಡಿಕೊಳ್ಳುತ್ತಿದ್ದ ಜಾಗ, ನದಿಗೆ ಇಲ್ಲವಾಯಿತು. ಮೊದಲು ಆ ಬಯಲಿನಲ್ಲಿ ತಂಗಿ ತಡವಾಗಿ ಇಳಿಯುತ್ತಿದ್ದ ನೆರೆ ಈಗ ಬೇಗ ಇಳಿದು, ನೆಕ್ಕರ್ ಮುಂತಾದ ಉಪನದಿಗಳ ನೆರೆ ಬರುವ ಹೊತ್ತಿಗೇ ಕೂಡಿಕೊಳ್ಳತೊಡಗಿತು. ಮೇಲಿನ ಊರುಗಳಿಗೆ ಕೊಟ್ಟ ರಕ್ಷಣೆಯ ಬೆಲೆಯನ್ನು ಕೆಳಗಿನ ನಗರಗಳು ತೆರಬೇಕಾಯಿತು. ಹೋದ ಜಾಗದಲ್ಲಿ ಒಂದಿಷ್ಟನ್ನಾದರೂ ನದಿಗೆ ಮರಳಿ ಕೊಡಬೇಕೆಂದು 1982ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಒಪ್ಪಂದ ಮಾಡಿಕೊಂಡವು. ಆಗ ಅವರ ತಲೆಯಲ್ಲಿ ಇದ್ದದ್ದು ನೆರೆ, ಮೀನು ಅಲ್ಲ.

ಒಬ್ಬರು: ಹಾಗಾದರೆ ನದಿಗೆ ಜಾಗ ಬಿಟ್ಟರೆ ನೆರೆಯೂ ಇಳಿಯುತ್ತದೆ, ಜೀವಿಗಳೂ ಬದುಕುತ್ತವೆ. ತಕರಾರಿಗೆ ಆಸ್ಪದವೇ ಇಲ್ಲವಲ್ಲ?

ಇನ್ನೊಬ್ಬರು: ಆ ಜಾಗ ಯಾರೋ ಒಬ್ಬರದು. ಯುರೋಪಿನ ನೆರೆಬಯಲುಗಳಲ್ಲಿ ಶೇ 70ರಿಂದ 90ರಷ್ಟು ಪರಿಸರದ ದೃಷ್ಟಿಯಿಂದ ಹಾಳಾಗಿವೆ ಎಂಬುದು ಐರೋಪ್ಯ ಪರಿಸರ ಸಂಸ್ಥೆಯ ಅಂದಾಜು. ಹಾಳು ಎಂದರೆ ಪಾಳು ಅಲ್ಲ. ಅಲ್ಲಿ ಗೋಧಿ ಬೆಳೆಯುತ್ತಾರೆ, ಹಾಲಿನ ದನ ಮೇಯಿಸುತ್ತಾರೆ, ಬಡಾವಣೆ ಕಟ್ಟಿದ್ದಾರೆ, ಕಾರ್ಖಾನೆ ನಡೆಸುತ್ತಾರೆ. ನಿಸರ್ಗಕ್ಕೂ ಸುರಕ್ಷತೆಗೂ ಜಗಳ ಎಂದು ಹೊರಗೆ ಕಾಣುವುದರಲ್ಲಿ ಬಹುಪಾಲು ಒಳಗೆ ಜಮೀನಿನ ವ್ಯಾಜ್ಯ.

ಒಬ್ಬರು: ವ್ಯಾಜ್ಯ ತೀರಿಸುವುದಕ್ಕೇ ಕಾನೂನು ಇರುವುದು. ಈ ಎರಡು ನಿರ್ದೇಶನಗಳು ಅದನ್ನು ತೀರಿಸುತ್ತವೆಯೇ?

ಇನ್ನೊಬ್ಬರು: ಎರಡರ ಸ್ವಭಾವವೇ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಜಲ ಚೌಕಟ್ಟು ನಿರ್ದೇಶನ ಫಲಿತಾಂಶ ಕೇಳುತ್ತದೆ. ಒಕ್ಕೂಟದ ಪ್ರತಿಯೊಂದು ನದಿ, ಕೆರೆ, ಕರಾವಳಿ ನೀರು 2015ರೊಳಗೆ ‘ಉತ್ತಮ ಸ್ಥಿತಿ’ಗೆ ಬರಬೇಕು, ಕಾರಣ ಕೊಟ್ಟರೆ 2027ರವರೆಗೆ ಕಾಲಾವಕಾಶ. ಈ ಸ್ಥಿತಿಯನ್ನು ಅಳೆಯಲು ನೀರಿನ ರಾಸಾಯನಿಕ ಗುಣವೊಂದೇ ಸಾಲದು. ಮೀನು, ತಳದ ಹುಳಹುಪ್ಪಟೆ, ಜಲಸಸ್ಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದುವರೆಗಿನ ಫಲಿತಾಂಶ ಹೆಮ್ಮೆಪಡುವಂಥದ್ದಲ್ಲ. ಪರಿಸರ ಸಂಸ್ಥೆಯ 2024ರ ವರದಿಯ ಪ್ರಕಾರ ಭೂಮೇಲ್ಮೈ ನೀರಿನಲ್ಲಿ ಉತ್ತಮ ಪರಿಸರ ಸ್ಥಿತಿಗೆ ಬಂದದ್ದು ಶೇ 37 ಮಾತ್ರ. ಆದರೂ ಗುರಿ ಇದೆ, ಗಡುವು ಇದೆ, ತಪ್ಪಿದರೆ ನ್ಯಾಯಾಲಯವಿದೆ. ಪ್ರವಾಹ ನಿರ್ದೇಶನ ಹಾಗಲ್ಲ. ಅದು ಕೇಳುವುದು ಒಂದು ವಿಧಾನವನ್ನು. ಮೊದಲು ಅಪಾಯದ ಪ್ರಾಥಮಿಕ ಅಂದಾಜು, ಆಮೇಲೆ ನಕ್ಷೆ, ಕೊನೆಗೆ ನಿರ್ವಹಣಾ ಯೋಜನೆ. ಮೊದಲ ಸುತ್ತಿನಲ್ಲಿ ಇವುಗಳ ಗಡುವು 2011, 2013 ಮತ್ತು 2015ರ ಡಿಸೆಂಬರ್ ಆಗಿತ್ತು. ಊರನ್ನು ನೂರು ವರ್ಷಕ್ಕೊಮ್ಮೆ ಬರುವ ನೆರೆಯಿಂದ ಕಾಪಾಡಬೇಕೋ ಸಾವಿರ ವರ್ಷಕ್ಕೊಮ್ಮೆ ಬರುವುದರಿಂದಲೋ ಎಂದು ಅದು ಹೇಳುವುದಿಲ್ಲ. ಆ ತೀರ್ಮಾನ ಆಯಾ ದೇಶದ್ದು.

ಒಬ್ಬರು: ಅಂದರೆ ‘ಕೂಡದು’ ಎನ್ನುವ ಬಲ ಒಂದಕ್ಕೆ ಮಾತ್ರ ಇದೆ.

ಇನ್ನೊಬ್ಬರು: ಅಷ್ಟೇ. ನೆರೆ ಬಂದು ಹೋದ ಮೇಲೆ ಪರಿಸರ ಕಾನೂನೇ ಖಳನಾಯಕನಂತೆ ಕಾಣುವುದಕ್ಕೆ ಅರ್ಧ ಕಾರಣ ಇಲ್ಲಿದೆ. ಏರಿ ಎತ್ತರಿಸದಿದ್ದರೆ ಒಕ್ಕೂಟ ಯಾರನ್ನೂ ನ್ಯಾಯಾಲಯಕ್ಕೆ ಎಳೆಯುವುದಿಲ್ಲ. ಏರಿ ಎತ್ತರಿಸಿ ನದಿಯ ಸ್ಥಿತಿ ಕೆಡಿಸಿದರೆ ಎಳೆಯಬಹುದು. 2015ರ ಜುಲೈ 1ರಂದು ಬಂದ ವೇಸರ್ ತೀರ್ಪು ಇದನ್ನು ಇನ್ನಷ್ಟು ಬಿಗಿ ಮಾಡಿತು. ದೊಡ್ಡ ಹಡಗುಗಳಿಗಾಗಿ ಜರ್ಮನಿಯ ವೇಸರ್ ನದಿಯನ್ನು ಆಳ ಮಾಡುವುದನ್ನು ಪರಿಸರ ಸಂಘಟನೆಯೊಂದು ಪ್ರಶ್ನಿಸಿತ್ತು. ಅಳತೆಯ ಅಂಶಗಳಲ್ಲಿ ಒಂದೇ ಒಂದು, ಮೀನಿನದು ಎನ್ನೋಣ, ಒಂದು ದರ್ಜೆ ಕೆಳಗಿಳಿದರೂ ಅದು ಸ್ಥಿತಿ ಕೆಟ್ಟಂತೆ, ಒಟ್ಟು ದರ್ಜೆ ಹಾಗೇ ಉಳಿದಿದ್ದರೂ ಸರಿ ಎಂದು ಐರೋಪ್ಯ ನ್ಯಾಯಾಲಯ ಹೇಳಿತು. ಅಂಥ ಕೆಲಸಕ್ಕೆ ಅನುಮತಿ ಕೊಡುವಂತಿಲ್ಲ, ವಿನಾಯಿತಿ ಪಡೆದಿದ್ದರೆ ಮಾತ್ರ ಕೊಡಬಹುದು. ತೀರ್ಪು ಬಂದದ್ದು ಹಡಗಿನ ಕಾಲುವೆಯ ವಿಷಯದಲ್ಲಿ. ಅನ್ವಯವಾದದ್ದು ಅಣೆಕಟ್ಟು, ಏರಿ, ತಡೆಗೋಡೆ ಎಲ್ಲಕ್ಕೂ.

ಒಬ್ಬರು: ವಿನಾಯಿತಿ ಸಿಗುವುದು ಕಷ್ಟವೇ?

ಇನ್ನೊಬ್ಬರು: ಅಸಾಧ್ಯವಲ್ಲ, ದಾರಿ ಉದ್ದ. ಜಲ ಚೌಕಟ್ಟು ನಿರ್ದೇಶನದ ನಾಲ್ಕನೆಯ ವಿಧಿಯ ಏಳನೆಯ ಉಪವಿಧಿಯ ಪ್ರಕಾರ ಹೊಸ ಕಾಮಗಾರಿಯಿಂದ ನದಿಗೆ ಧಕ್ಕೆಯಾದರೂ ಒಪ್ಪಬಹುದು. ಆದರೆ ಹಾನಿ ತಗ್ಗಿಸಲು ಮಾಡಬಹುದಾದದ್ದನ್ನೆಲ್ಲ ಮಾಡಿರಬೇಕು. ಕಾರಣಗಳನ್ನು ನದಿ ಕಣಿವೆಯ ಯೋಜನೆಯಲ್ಲಿ ಬರೆದಿಡಬೇಕು. ಸಾರ್ವಜನಿಕ ಹಿತವೋ ಜನರ ಸುರಕ್ಷತೆಯೋ ನದಿಯ ಹಿತಕ್ಕಿಂತ ಮಿಗಿಲಾಗಿರಬೇಕು. ಅದೇ ಪ್ರಯೋಜನ ಪರಿಸರಕ್ಕೆ ಮೇಲಾದ ಇನ್ನೊಂದು ದಾರಿಯಿಂದ ಸಿಗುವಂತಿರಬಾರದು. ಈ ಕೊನೆಯ ಷರತ್ತಿಗೆ ಉತ್ತರ ಕೊಡುವುದು ಎಲ್ಲಕ್ಕಿಂತ ಕಷ್ಟ. ಏರಿ ಎತ್ತರಿಸುವ ಬದಲು ಹಿಂದಕ್ಕೆ ಸರಿಸಲು ಏಕೆ ಆಗುವುದಿಲ್ಲ ಎಂದು ಇಲಾಖೆ ತೋರಿಸಬೇಕು, ‘ಜಮೀನು ಸಿಗಲಿಲ್ಲ’ ಎಂಬ ಒಂದು ಸಾಲು ಸಾಲದು. ಇಷ್ಟು ಬಿಗಿಯಾದ ಕಾನೂನಿನಲ್ಲೂ ದೊಡ್ಡದೊಂದು ಕಿಂಡಿಯಿದೆ ಎನ್ನುವುದನ್ನೂ ಹೇಳಬೇಕು. ನೆರೆ ರಕ್ಷಣೆಗೋ ಹಡಗು ಸಂಚಾರಕ್ಕೋ ಆಗಲೇ ರೂಪ ಬದಲಾಗಿಹೋದ ನದಿಯನ್ನು ‘ತೀವ್ರವಾಗಿ ಮಾರ್ಪಟ್ಟ ಜಲಕಾಯ’ ಎಂದು ಘೋಷಿಸಬಹುದು. ಆಗ ಗುರಿ ಸಡಿಲವಾಗುತ್ತದೆ. ನೆದರ್ಲೆಂಡ್ಸಿನ ಬಹುಪಾಲು ನೀರು ಈ ಪಟ್ಟಿಯಲ್ಲೋ ಕೃತಕ ಜಲಕಾಯಗಳ ಪಟ್ಟಿಯಲ್ಲೋ ಇದೆ.

ಒಬ್ಬರು: ಪ್ರವಾಹ ನಿರ್ದೇಶನವನ್ನು ಬರೀ ಕಾಗದದ ಕೆಲಸ ಎಂದು ತಳ್ಳಿಹಾಕುವುದೂ ಸರಿಯಲ್ಲ. 2002ರ ಆಗಸ್ಟಿನಲ್ಲಿ ಎಲ್ಬೆ, ಡ್ಯಾನ್ಯೂಬ್ ಎರಡೂ ಉಕ್ಕಿ ಪ್ರಾಗ್, ಡ್ರೆಸ್ಡೆನ್ ಮುಳುಗಿದ ಮೇಲೆ ಅದು ಬಂತು. ಅದಕ್ಕೆ ಮೊದಲು ಎಷ್ಟೋ ಕಡೆ ನೆರೆ ಎಲ್ಲಿಯವರೆಗೆ ಬರಬಹುದು ಎಂಬ ನಕ್ಷೆಯೇ ಜನರ ಕೈಗೆ ಸಿಗುತ್ತಿರಲಿಲ್ಲ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ಮೊಮ್ಮಕ್ಕಳ ಕಾಲಕ್ಕೆ ಬಂದೀತು ಎಂದು ಜನ ಸುಮ್ಮನಿರುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ಶೇ 1ರ ಸಾಧ್ಯತೆ ಎಂದು. ಮೂವತ್ತು ವರ್ಷದ ಗೃಹಸಾಲ ತೀರುವಷ್ಟರಲ್ಲಿ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26.

ಇನ್ನೊಬ್ಬರು: ನಕ್ಷೆಯ ಬೆಲೆ ಅದಕ್ಕೆ ಉಣಿಸಿದ ಅಂಕಿಗಳಷ್ಟೇ. ಪಶ್ಚಿಮ ಜರ್ಮನಿಯ ಆರ್ ಕಣಿವೆಯಲ್ಲಿ 2021ರ ಜುಲೈ 14ರ ರಾತ್ರಿ 130ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ನಕ್ಷೆ ಇತ್ತು. ಆದರೆ ಅಳತೆ ಕೇಂದ್ರದ ದಾಖಲೆ ಶುರುವಾದದ್ದು ಎರಡನೆಯ ಮಹಾಯುದ್ಧದ ನಂತರ. 1804ರಲ್ಲಿ, 1910ರಲ್ಲಿ ಅದೇ ಕಣಿವೆಯನ್ನು ಕೊಚ್ಚಿದ ಮಹಾಪೂರಗಳು ಲೆಕ್ಕಕ್ಕೇ ಬಂದಿರಲಿಲ್ಲ. ಊರಿನ ಚರಿತ್ರೆ ಪುಸ್ತಕಗಳಲ್ಲಿ ಇದ್ದ ನೆರೆ ಸರ್ಕಾರದ ನಕ್ಷೆಯಲ್ಲಿ ಇರಲಿಲ್ಲ. ಇದನ್ನು ಪರಿಸರ ಕಾನೂನಿನ ತಲೆಗೆ ಕಟ್ಟಲಾಗದು.

ಒಬ್ಬರು: ಹಾಗೆಯೇ ನದಿಗೆ ಜಾಗ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಮಾತಿಗೂ ಆರ್ ಕಣಿವೆ ಒಪ್ಪುವುದಿಲ್ಲ. ಅದು ಕಡಿದಾದ, ಇಕ್ಕಟ್ಟಾದ ಕಣಿವೆ. ದ್ರಾಕ್ಷಿತೋಟದ ಇಳಿಜಾರು, ಕೆಳಗೆ ಊರು, ನಡುವೆ ನದಿ. ಬಿಡಲು ಬಯಲಾದರೂ ಎಲ್ಲಿದೆ?

ಇನ್ನೊಬ್ಬರು: ಆ ಮಾತು ನಿಜ, ಪರಿಸರವಾದಿಗಳು ಬೇಗ ಮರೆಯುವ ಮಾತೂ ಹೌದು. ಅಂಥ ಕಡೆ ನೀರು ಗಂಟೆಗಳಲ್ಲಿ ಏರುತ್ತದೆ. ಉರುಳಿದ ಮರ, ಕಾರು, ಕಸ ಸೇತುವೆಗಳ ಕಮಾನಿಗೆ ಸಿಕ್ಕಿ ಸೇತುವೆಯೇ ಅಣೆಕಟ್ಟಾಗಿ, ಆಮೇಲೆ ಒಡೆಯುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಮೇಲಿನ ಕವಲು ಹಳ್ಳಗಳಲ್ಲಿ ನೆರೆ ಬಂದಾಗ ಮಾತ್ರ ನೀರು ಹಿಡಿಯುವ ಒಣ ಜಲಾಶಯ, ಅಗಲ ಕಮಾನಿನ ಸೇತುವೆ, ಹೊತ್ತಿಗೆ ಸರಿಯಾಗಿ ಮುನ್ನೆಚ್ಚರಿಕೆ, ಎಲ್ಲಕ್ಕಿಂತ ಮೊದಲಾಗಿ ದಡದಲ್ಲಿ ಮನೆ ಕಟ್ಟದಿರುವುದು. ದುರಂತದ ನಂತರ ಅದೇ ಜಾಗದಲ್ಲಿ ಮತ್ತೆ ಕಟ್ಟಬಾರದೆಂದು ಪೂರ್ತಿ ನಿಷೇಧ ಹೇರಿದ್ದು ಕೆಲವೇ ಹತ್ತಾರು ಮನೆಗಳಿಗೆ. ಯಾವ ನಿರ್ದೇಶನವೂ ಇದಕ್ಕೆ ಅಡ್ಡ ಬಂದಿರಲಿಲ್ಲ.

ಒಬ್ಬರು: ಜಾಗ ಬಿಟ್ಟು ಗೆದ್ದವರು ಎಂದರೆ ಡಚ್ಚರ ಹೆಸರೇ ಮೊದಲು ಬರುತ್ತದೆ. ಅಲ್ಲಿ ನಿಜವಾಗಿ ಏನಾಯಿತು?

ಇನ್ನೊಬ್ಬರು: 1993ರಲ್ಲಿ ಒಮ್ಮೆ, 1995ರಲ್ಲಿ ಇನ್ನೊಮ್ಮೆ ರೈನ್ ಮತ್ತು ಮಾಸ್ ನದಿಗಳು ಏರಿಯ ಅಂಚಿನವರೆಗೆ ತುಂಬಿದವು. 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು, ಅವರ ದನಕರುಗಳ ಸಮೇತ, ಊರು ಬಿಡಿಸಬೇಕಾಯಿತು. ಏರಿ ಒಡೆಯಲಿಲ್ಲ, ಆದರೆ ಅಂಜಿಕೆ ಉಳಿಯಿತು. ಏರಿಗಳನ್ನು ಇನ್ನಷ್ಟು ಎತ್ತರಿಸುವುದು ಹಳೆಯ ದಾರಿ. ಏರಿ ಎತ್ತರವಾದಷ್ಟೂ ಅದರ ಹಿಂದೆ ಮನೆಗಳು ಹೆಚ್ಚುತ್ತವೆ, ಒಡೆದ ದಿನ ನೀರು ಹೆಚ್ಚು ಆಳಕ್ಕೆ ನುಗ್ಗುತ್ತದೆ. ಅದರ ಬದಲು 2006ರಲ್ಲಿ ‘ನದಿಗೆ ಜಾಗ’ ಎಂಬ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸುಮಾರು 230 ಕೋಟಿ ಯೂರೊ ವೆಚ್ಚ, ಮೂವತ್ತಕ್ಕೂ ಹೆಚ್ಚು ಸ್ಥಳಗಳಲ್ಲಿ ಕಾಮಗಾರಿ. ರೈನ್ ದೇಶದೊಳಕ್ಕೆ ಬರುವ ಲೋಬಿತ್‌ನಲ್ಲಿ ಸೆಕೆಂಡಿಗೆ 15,000 ಘನ ಮೀಟರ್ ಬದಲು 16,000 ಘನ ಮೀಟರ್ ನೀರು ಬಂದರೂ ಸುರಕ್ಷಿತವಾಗಿ ದಾಟಿಸಬೇಕೆಂಬುದು ಗುರಿ. ನಮ್ಮ ಅಣೆಕಟ್ಟುಗಳ ಲೆಕ್ಕದಲ್ಲಿ ಹೇಳಿದರೆ 5.3 ಲಕ್ಷ ಕ್ಯುಸೆಕ್‌ನಿಂದ ಸುಮಾರು 5.65 ಲಕ್ಷ ಕ್ಯುಸೆಕ್‌ಗೆ. ನೈಮೇಗನ್ ನಗರದ ಎದುರಿನ ಲೆಂಟ್ ಎಂಬಲ್ಲಿ ವಾಲ್ ನದಿಯ ಏರಿಯನ್ನು 350 ಮೀಟರ್ ಹಿಂದಕ್ಕೆ ಕಟ್ಟಿ, ನಡುವೆ ಹೊಸ ಕಾಲುವೆ ತೋಡಿದರು. ಅದಕ್ಕಾಗಿ ಸುಮಾರು 50 ಮನೆಗಳು ಹೋದವು. ಮಹಾಪೂರದಲ್ಲಿ ನೀರಿನ ಮಟ್ಟ ಅಲ್ಲಿ 30 ಸೆಂಟಿಮೀಟರಿಗೂ ಹೆಚ್ಚು ತಗ್ಗುತ್ತದೆ.

ಒಬ್ಬರು: ಐವತ್ತು ಮನೆಗೆ ಮೂವತ್ತು ಸೆಂಟಿಮೀಟರ್!

ಇನ್ನೊಬ್ಬರು: ಲೆಕ್ಕ ಹಾಗೆಯೇ ಇರುತ್ತದೆ. ನೆರೆಯಲ್ಲಿ ಮೂವತ್ತು ಸೆಂಟಿಮೀಟರ್ ಕಡಿಮೆಯಲ್ಲ. ರೈತರ ಕಡೆಯಿಂದ ನೋಡಬೇಕಾದರೆ ಓವರ್‌ಡೀಪ್ಸೆ ಪೋಲ್ಡರ್‌ಗೆ ಹೋಗಬೇಕು. ಉತ್ತರ ಬ್ರಬಾಂಟ್ ಪ್ರಾಂತದಲ್ಲಿ ಮಾಸ್ ನದಿಯ ಪಕ್ಕದ, ಏರಿಯಿಂದ ಸುತ್ತುವರಿದ ತಗ್ಗು ಭೂಮಿ ಅದು. ಅದನ್ನು ನೆರೆಗೆ ತೆರೆಯುತ್ತಾರೆಂಬ ಸುದ್ದಿ ಬಂದಾಗ ಅಲ್ಲಿನ ಹೈನುಗಾರರು ಮೊಕದ್ದಮೆ ಹೂಡಿ ಕೂರಲಿಲ್ಲ, ತಾವೇ ಒಂದು ಯೋಜನೆ ಮುಂದಿಟ್ಟರು. ಹೊಸ ಏರಿಯ ಅಂಚಿಗೆ ಆರು ಮೀಟರ್ ಎತ್ತರದ ದಿಬ್ಬಗಳನ್ನು ಮಾಡಿ ಮನೆ, ಕೊಟ್ಟಿಗೆ ಅಲ್ಲಿಗೆ ಸಾಗಿಸುವುದು. ಉಳಿದ ಭೂಮಿಯಲ್ಲಿ ದನ ಮೇಯಿಸುವುದು, ಅಪರೂಪಕ್ಕೆ ನೆರೆ ಬಂದರೆ ನೀರು ಬಿಟ್ಟುಕೊಳ್ಳುವುದು. ಎಂಟು ದಿಬ್ಬಗಳಾದವು. ಎಲ್ಲ ಕುಟುಂಬಗಳಿಗೂ ಅಲ್ಲಿ ಜಾಗವಿರಲಿಲ್ಲ, ಉಳಿದವರು ಪರಿಹಾರ ತೆಗೆದುಕೊಂಡು ಬೇರೆ ಕಡೆ ಹೋದರು. ಇದನ್ನು ಯಶಸ್ಸಿನ ಕತೆಯಾಗಿ ಹೇಳುವವರು ಹೊರಟುಹೋದವರನ್ನು ನೆನೆಯುವುದು ಕಡಿಮೆ.

ಒಬ್ಬರು: ಪರಿಸರಕ್ಕೆ ಅಲ್ಲಿ ಸಿಕ್ಕಿದ್ದೇನು?

ಇನ್ನೊಬ್ಬರು: ಓವರ್‌ಡೀಪ್ಸೆಯಲ್ಲಿ ಹೆಚ್ಚೇನಿಲ್ಲ, ಅದು ಹುಲ್ಲುಗಾವಲಾಗಿಯೇ ಉಳಿಯಿತು. ಅದೇ ಯೋಜನೆಯ ನೋರ್ಡ್‌ವಾರ್ಡ್ ಪೋಲ್ಡರ್‌ನಲ್ಲಿ ಮಾತ್ರ ಏರಿ ತೆಗೆದು ಬಿಯೆಸ್‌ಬಾಷ್ ಜೌಗಿನ ಜತೆ ಮತ್ತೆ ಸೇರಿಸಿದ್ದರಿಂದ ನೀರುಹಕ್ಕಿಗಳಿಗೆ ದೊಡ್ಡ ಪ್ರದೇಶ ಮರಳಿ ಸಿಕ್ಕಿತು. ಜಾಗ ಬಿಟ್ಟ ಮಾತ್ರಕ್ಕೆ ನಿಸರ್ಗ ಬಂತು ಎಂದಲ್ಲ. ಅಲ್ಲಿ ಏನು ಬೆಳೆಯಲು ಬಿಡುತ್ತಾರೆ ಎನ್ನುವುದೇ ಮುಂದಿನ ಪ್ರಶ್ನೆ.

ಒಬ್ಬರು: ಎರಡು ಗುರಿಗಳ ನಡುವಿನ ನಿಜವಾದ ತಿಕ್ಕಾಟ ಇರುವುದೂ ಅಲ್ಲಿಯೇ. ಬಿಟ್ಟ ಬಯಲಿನಲ್ಲಿ ವಿಲೋ ಪೊದೆ ಬೆಳೆದರೆ ನೀರಿಗೆ ತಡೆ. ತಡೆಯಾದರೆ ಮಟ್ಟ ಏರುತ್ತದೆ. ಏರಿ ಸರಿಸಿ ಗಳಿಸಿದ ಸೆಂಟಿಮೀಟರುಗಳನ್ನು ಪೊದೆ ತಿಂದುಹಾಕುತ್ತದೆ. ಡಚ್ಚರು ಮೊದಲು ನದಿಬಯಲಿನಲ್ಲಿ ಕಾಡು ಬೆಳೆಸಿ ಎಂದು ದುಡ್ಡು ಸುರಿದು, ಆಮೇಲೆ ಕಡಿಯುವುದಕ್ಕೂ ದುಡ್ಡು ಸುರಿಯಲಿಲ್ಲವೇ?

ಇನ್ನೊಬ್ಬರು: ಹೌದು. 1980ರ ದಶಕದ ಕೊನೆಯಿಂದ ಅಲ್ಲಿ ನದಿಬಯಲನ್ನು ಬೇಸಾಯದಿಂದ ಬಿಡಿಸಿ ಕಾಡಿಗೆ ಬಿಡುವ ಯೋಚನೆಗೆ ಒಳ್ಳೆಯ ಬೆಂಬಲ ಸಿಕ್ಕಿತ್ತು. 1988ರಲ್ಲಿ ಬಿಯೆಸ್‌ಬಾಷ್‌ಗೆ ಬೀವರ್‌ಗಳನ್ನು ತಂದು ಬಿಟ್ಟರು, ಅವು ಚೆನ್ನಾಗಿ ಹಬ್ಬಿದವು. ಪೊದೆ ಎಣಿಸಿದ್ದಕ್ಕಿಂತ ಬೇಗ ಬೆಳೆಯಿತು. ಕೆಲವು ಕಡೆ ನೆರೆಯ ಮಟ್ಟ ಲೆಕ್ಕ ಮೀರುವ ಸೂಚನೆ ಕಂಡಾಗ ಜಲ ಇಲಾಖೆಯಾದ ರೈಕ್ಸ್‌ವಾಟರ್‌ಸ್ಟಾಟ್, ನೀರು ರಭಸವಾಗಿ ಹರಿಯುವ ಪಟ್ಟೆಗಳಲ್ಲಿ ಮರ ತೆಗೆಯುವ ಕಾರ್ಯಕ್ರಮ ಹಾಕಿಕೊಂಡಿತು. ಎಲ್ಲಿ ಹುಲ್ಲು ಮಾತ್ರ ಇರಬೇಕು, ಎಲ್ಲಿ ಪೊದೆ ಇರಬಹುದು, ಎಲ್ಲಿ ಕಾಡಿಗೆ ಅವಕಾಶ ಎಂದು ಗುರುತಿಸುವ ಸಸ್ಯವರ್ಗದ ಕಾನೂನುಬದ್ಧ ನಕ್ಷೆಯೂ ಬಂತು. ಮರ ಕಡಿಯುವ ಜಾಗ 1992ರ ಆವಾಸಸ್ಥಾನ ನಿರ್ದೇಶನದ ಕೆಳಗೆ ಬರುವ ರಕ್ಷಿತ ಪ್ರದೇಶವಾಗಿದ್ದರೆ ಅದಕ್ಕೆ ಬೇರೆ ಪರಿಶೀಲನೆ. ಬಯಲನ್ನೆಲ್ಲ ಬೋಳಿಸುವ ಬದಲು ಸರದಿಯಂತೆ ಒಂದು ತುಂಡು ಕಾಡನ್ನು ತೆಗೆದು, ಇನ್ನೊಂದನ್ನು ಬೆಳೆಯಲು ಬಿಡುವ ಸಲಹೆಯೂ ಇದೆ. ಮೊದಲು ನದಿಯೇ ಮಾಡುತ್ತಿದ್ದ ಕೆಲಸ ಅದು. ಈಗ ನದಿಗೆ ಆ ಸ್ವಾತಂತ್ರ್ಯ ಇಲ್ಲವಾದ್ದರಿಂದ ಯಂತ್ರ ಮಾಡಬೇಕು.

ಒಬ್ಬರು: ಡಚ್ಚರು ಮತ್ತೆ ಏರಿಯ ಕಡೆಗೇ ತಿರುಗಿದ್ದಾರೆ ಎಂಬ ಮಾತಿದೆ. 2017ರಲ್ಲಿ ಸುರಕ್ಷತೆಯ ಹೊಸ ಮಾನದಂಡ ಬಂದ ಮೇಲೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಏರಿ ಬಲಪಡಿಸುವ ಕೆಲಸ 2050ರವರೆಗೆ ಹಮ್ಮಿಕೊಂಡಿದ್ದಾರೆ. ಏರಿಯ ಮೇಲೆ ನೀರು ಹಾಯುವುದಕ್ಕಿಂತ ಹೆಚ್ಚಾಗಿ, ಬುಡದ ಮರಳಿನಲ್ಲಿ ನೀರು ಒಸರಿ, ಮರಳು ಕೊಚ್ಚಿ, ಏರಿ ಒಳಗಿಂದಲೇ ಟೊಳ್ಳಾಗುವ ಭಯ. ನೀರಿನ ಮಟ್ಟವನ್ನು ಮೂವತ್ತು ಸೆಂಟಿಮೀಟರ್ ಇಳಿಸಿದರೆ ಆ ರೋಗ ವಾಸಿಯಾಗದು.

ಇನ್ನೊಬ್ಬರು: ನದಿಗೆ ಜಾಗ ಬಿಡುವುದು ಏರಿಗೆ ಬದಲಿಯಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಏರಿಯನ್ನು ಹೇಗೂ ಹೊಸದಾಗಿ ಕಟ್ಟುವುದಾದರೆ ಎಲ್ಲಿ ಕಟ್ಟಬೇಕೆಂದು ಕೇಳಲು ಅದೇ ಸರಿಯಾದ ಹೊತ್ತು. ಎಲ್ಬೆ ದಡದ ಲೆಂಟ್ಸೆನ್‌ನಲ್ಲಿ ಹಾಗೇ ಆಯಿತು. ದೋಣಿಯವರು ಶಪಿಸುತ್ತಿದ್ದ ಒಂದು ಕಡಿದಾದ ತಿರುವಿನಲ್ಲಿ ಹಳೆಯ ಏರಿ ದುರ್ಬಲವಾಗಿತ್ತು. ಅದನ್ನು ಇದ್ದಲ್ಲೇ ದುರಸ್ತಿ ಮಾಡದೆ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಆರು ಕಿಲೋಮೀಟರ್ ಉದ್ದದ ಹೊಸ ಏರಿ ಕಟ್ಟಿ, ಹಳೆಯದನ್ನು ಆರು ಕಡೆ ಒಡೆದರು. ಸುಮಾರು 420 ಹೆಕ್ಟೇರ್ ನದಿಗೆ ಮರಳಿತು. 2013ರ ಜೂನ್ ಮಹಾಪೂರದಲ್ಲಿ ಆ ತಿರುವಿನಲ್ಲಿ ನೀರಿನ ಮಟ್ಟ ಅರ್ಧ ಮೀಟರಿನಷ್ಟು ತಗ್ಗಿತು. ಹಳೆಯ ಪೂರ್ವ ಜರ್ಮನಿಯ ಗಡಿಪಟ್ಟಿಯಾಗಿದ್ದರಿಂದ ಅಲ್ಲಿ ಊರು ಬೆಳೆದಿರಲಿಲ್ಲ. ಅಂಥ ಅದೃಷ್ಟ ಎಲ್ಲ ನದಿಗೂ ಇರುವುದಿಲ್ಲ.

ಒಬ್ಬರು: ರೈನ್‌ಗೆ ಮರಳಿ ಕೊಡುತ್ತೇವೆಂದ ಜಾಗ ಏನಾಯಿತು?

ಇನ್ನೊಬ್ಬರು: ನೆರೆ ರಕ್ಷಣೆ ಮತ್ತು ನಿಸರ್ಗ ಒಂದನ್ನೊಂದು ತಿದ್ದಿದ ಕತೆ ಬೇಕಿದ್ದರೆ ಅಲ್ಲಿದೆ. ಬಾಡೆನ್ ವುರ್ಟೆಂಬರ್ಗ್ ರಾಜ್ಯ ರೈನ್ ದಡದಲ್ಲಿ 13 ಕಡೆ ನೆರೆ ನೀರು ಹಿಡಿಯುವ ಪ್ರದೇಶಗಳನ್ನು ಯೋಜಿಸಿದೆ. ಒಟ್ಟು ಸಾಮರ್ಥ್ಯ ಸುಮಾರು 167 ದಶಲಕ್ಷ ಘನ ಮೀಟರ್, ಅಂದರೆ ಆರು ಟಿಎಂಸಿಗೆ ಹತ್ತಿರ. ಮೊದಲ ಯೋಚನೆ ಸರಳವಾಗಿತ್ತು. ಏರಿಯ ಹಿಂದಿನ ಕಾಡನ್ನು ಸುತ್ತುಗಟ್ಟಿ, ಬಾಗಿಲು ಇಟ್ಟು, ದೊಡ್ಡ ನೆರೆ ಬಂದಾಗ ಮಾತ್ರ ತೆರೆಯುವುದು. ತೊಂದರೆ ಎಂದರೆ, ಹತ್ತಾರು ವರ್ಷ ನೀರು ಕಾಣದ ಕಾಡಿನಲ್ಲಿ ನೀರು ತಾಳದ ಮರಗಳು ಬೆಳೆದಿರುತ್ತವೆ. ಜಿಂಕೆ, ಜೀರುಂಡೆಗಳಿಗೆ ನೆರೆಯ ಅಭ್ಯಾಸವಿರುವುದಿಲ್ಲ. ಒಮ್ಮೆಲೇ ಎರಡು ಮೂರು ಮೀಟರ್ ನೀರು ನುಗ್ಗಿಸಿದರೆ ಎಲ್ಲ ಸಾಯುತ್ತವೆ. ನಿಸರ್ಗ ರಕ್ಷಣಾ ಕಾನೂನು ಆ ಹಾನಿಯನ್ನು ತಪ್ಪಿಸಿ ಎಂದಿತು. ಅದಕ್ಕೆ ಸಿಕ್ಕ ಉತ್ತರ ‘ಪರಿಸರ ನೆರೆ’. ನದಿ ಸ್ವಲ್ಪ ಏರಿದಾಗೆಲ್ಲ ಬಾಗಿಲು ತೆರೆದು ತುಸು ನೀರು ಹರಿಸುವುದು, ವರ್ಷದಲ್ಲಿ ಹಲವು ಸಲ. ನಿಧಾನವಾಗಿ ನೀರು ತಾಳದ ಮರ ಹಿಂದೆ ಸರಿದು, ವಿಲೋ, ಓಕ್, ಎಲ್ಮ್ ಬರುತ್ತವೆ. ಪ್ರಾಣಿಗಳು ಮೇಲಿನ ಜಾಗಕ್ಕೆ ಓಡುವುದನ್ನು ಕಲಿಯುತ್ತವೆ. ದೊಡ್ಡ ನೆರೆ ಬಂದ ದಿನ ಕಾಡು ತಡೆದುಕೊಳ್ಳುತ್ತದೆ. ಕಾನೂನಿನ ಕಣ್ಣಿನಲ್ಲಿ ಇದು ಹಾನಿ ತಪ್ಪಿಸುವ ಕ್ರಮ, ಆದ ಹಾನಿಗೆ ಪರಿಹಾರವೂ ಹೌದು. ಆ ಹದಿಮೂರರಲ್ಲಿ ಒಂದಾದ ಆಲ್ಟನ್‌ಹೈಮ್ ಪೋಲ್ಡರ್ 1987ರಿಂದ ಕೆಲಸದಲ್ಲಿದೆ.

ಒಬ್ಬರು: ಅಲ್ಲಿನ ಹಳ್ಳಿಯವರು ಇದನ್ನು ಒಪ್ಪಿದರೇ?

ಇನ್ನೊಬ್ಬರು: ಎಲ್ಲರೂ ಒಪ್ಪಲಿಲ್ಲ. ನೆರೆ ಹಿಡಿಯಲು ಕಾಡು ಕೊಡುತ್ತೇವೆ, ಆದರೆ ವರ್ಷ ವರ್ಷ ಕಾಡನ್ನು ನೆನೆಸುವುದು ಬೇಡ, ಹಳೆಯ ಕಾಲುವೆಗಳಲ್ಲಿ ಮಾತ್ರ ನೀರು ಹರಿಸಿ ಎಂದು ಹಲವು ಊರುಗಳಲ್ಲಿ ನಾಗರಿಕ ಸಮಿತಿಗಳು ಹೋರಾಡಿವೆ. ನಡೆದಾಡುವ ದಾರಿ ಮುಚ್ಚುತ್ತದೆ, ಸೊಳ್ಳೆ ಹೆಚ್ಚುತ್ತದೆ, ನೆಲಮಾಳಿಗೆಗೆ ನೀರು ಒಸರುತ್ತದೆ ಎಂಬ ಭಯ. ಕೊನೆಯದು ಹುಸಿ ಭಯವಲ್ಲ, ಅದಕ್ಕಾಗಿ ಊರಂಚಿನಲ್ಲಿ ಬಾವಿ ತೋಡಿ ಪಂಪು ಇಡಬೇಕಾಗುತ್ತದೆ. ಒಪ್ಪಂದವಾಗಿ ನಾಲ್ಕು ದಶಕ ಕಳೆದರೂ ಹದಿಮೂರೂ ಪ್ರದೇಶಗಳು ಮುಗಿಯದಿರುವುದಕ್ಕೆ ಇದೂ ಕಾರಣ.

ಒಬ್ಬರು: ಅಷ್ಟು ಹೊತ್ತು ಕಾಯಲಾಗದ ಕಡೆ? ಪೋಲೆಂಡಿನ ರಾಚಿಬುಶ್ ಒಣ ಜಲಾಶಯವನ್ನು ನೋಡಬಹುದು. 1997ರಲ್ಲಿ ಓಡರ್ ನದಿ ವ್ರೋತ್ಸ್ವಾಫ್ ನಗರವನ್ನು ಮುಳುಗಿಸಿದ ಮೇಲೆ ಯೋಜನೆಗೆ ಚುರುಕು ಬಂತು. 2020ರಲ್ಲಿ ಮುಗಿಯಿತು. ಸಾಮರ್ಥ್ಯ 185 ದಶಲಕ್ಷ ಘನ ಮೀಟರ್, ಆರೂವರೆ ಟಿಎಂಸಿ. ನಿಯೆಬೋಚೋವಿ ಎಂಬ ಹಳ್ಳಿಯನ್ನು ಇಡಿಯಾಗಿ ಬೇರೆಡೆ ಕಟ್ಟಿಕೊಟ್ಟರು. 2024ರ ಸೆಪ್ಟೆಂಬರಿನ ಭಾರೀ ಮಳೆಯಲ್ಲಿ ಅದು ಬಹುಪಾಲು ತುಂಬಿತು, ವ್ರೋತ್ಸ್ವಾಫ್ ಉಳಿಯಿತು. ಅದೇ ಮಳೆಗೆ ಇನ್ನೊಂದು ಕಣಿವೆಯ ಸ್ತ್ರೋನಿಯೆ ಶ್ಲೋನ್‌ಸ್ಕಿಯೆ ಎಂಬ ಸಣ್ಣ ಊರಿನ ಮೇಲಿದ್ದ ಮಣ್ಣಿನ ಅಣೆಕಟ್ಟು ಒಡೆದು ಊರನ್ನು ಕೊಚ್ಚಿತು.

ಇನ್ನೊಬ್ಬರು: ಎರಡೂ ಒಣ ಜಲಾಶಯಗಳೇ. ವ್ಯತ್ಯಾಸ ಇದ್ದದ್ದು ಗಾತ್ರದಲ್ಲಿ ಮತ್ತು ಕಟ್ಟಡದ ಬಲದಲ್ಲಿ. ಒಣ ಜಲಾಶಯ ನೀರು ನಿಂತ ಜಲಾಶಯದಷ್ಟು ನದಿಯನ್ನು ಕೆಡಿಸುವುದಿಲ್ಲ, ಏಕೆಂದರೆ ಉಳಿದ ದಿನಗಳಲ್ಲಿ ನದಿ ಅದರೊಳಗೆ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಅಣೆಕಟ್ಟು ಎಂದೊಡನೆ ಬೇಡ ಎನ್ನುವವರು ಈ ಭೇದ ನೋಡುವುದಿಲ್ಲ. ಆ ನೆರೆಯ ಹೊತ್ತಿನಲ್ಲೇ ಪ್ರಧಾನಿ ಡೊನಾಲ್ಡ್ ಟಸ್ಕ್, ಏರಿಗಳನ್ನು ಕೊರೆಯುವ ಬೀವರ್‌ಗಳ ಮೇಲೆ ದೂರು ಹೇಳಿದ್ದು ಸುದ್ದಿಯಾಯಿತು. ಬಯಲಿನ ಏರಿಯಲ್ಲಿ ಬೀವರ್ ಬಿಲ ಅಪಾಯವೇ. ಗುಡ್ಡದ ತೊರೆಯಲ್ಲಿ ಅದೇ ಬೀವರ್ ಕಟ್ಟುವ ಕಟ್ಟೆ ನೀರನ್ನು ತಡೆದು ನಿಧಾನ ಮಾಡುತ್ತದೆ. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಹೇಳಿದರೆ ಸಾಕು, ಕಾನೂನಿನಲ್ಲಿ ಅದಕ್ಕೆ ದಾರಿಯಿದೆ. ನೆರೆ ನಡೆಯುತ್ತಿರುವಾಗ ಪ್ರಾಣಿಯ ಮೇಲೆ ಗೂಬೆ ಕೂರಿಸುವುದು ಸುಲಭ.

ಒಬ್ಬರು: ಪ್ರಾಣಿ ಸಿಗದಿದ್ದರೆ ಬ್ರಸೆಲ್ಸ್ ಸಿಗುತ್ತದೆ. ಬ್ರಿಟನ್ ಇನ್ನೂ ಒಕ್ಕೂಟದಲ್ಲಿದ್ದಾಗ, 2013–14ರ ಚಳಿಗಾಲದಲ್ಲಿ ಸಾಮರ್‌ಸೆಟ್ ಲೆವೆಲ್ಸ್ ಎಂಬ ತಗ್ಗು ಪ್ರದೇಶ ವಾರಗಟ್ಟಲೆ ಮುಳುಗಿತು. ಸುಮಾರು 600 ಮನೆಗಳಿಗೆ ನೀರು ನುಗ್ಗಿತು. ಐರೋಪ್ಯ ಕಾನೂನು ಹೂಳೆತ್ತಲು ಬಿಡಲಿಲ್ಲ ಎಂಬ ಕೂಗು ಎದ್ದಿತು.

ಇನ್ನೊಬ್ಬರು: ಜಲ ಚೌಕಟ್ಟು ನಿರ್ದೇಶನದಲ್ಲಿ ಹೂಳೆತ್ತಬಾರದೆಂಬ ಮಾತೇ ಇಲ್ಲ. ಎತ್ತಿದ ಹೂಳನ್ನು ಎಲ್ಲಿ ಹಾಕಬೇಕು, ಮೀನಿಗೆ ಏನಾಗುತ್ತದೆ ಎಂದು ನೋಡಿ ಅನುಮತಿ ಪಡೆಯಬೇಕು, ಅಷ್ಟೇ. ಕೊರತೆ ಇದ್ದದ್ದು ದುಡ್ಡಿನದು. 2014ರಲ್ಲಿ ಪ್ಯಾರೆಟ್ ಮತ್ತು ಟೋನ್ ನದಿಗಳ ಎಂಟು ಕಿಲೋಮೀಟರ್ ಹೂಳೆತ್ತಿದಾಗ ಅದೇ ಕಾನೂನು ಜಾರಿಯಲ್ಲಿತ್ತು. ಹೂಳೆತ್ತಿದ್ದರೆ ನೀರು ಬೇಗ ಇಳಿಯುತ್ತಿತ್ತು ಎನ್ನಬಹುದು. ಅಷ್ಟು ಮಳೆಗೆ ನೆರೆಯೇ ಬರುತ್ತಿರಲಿಲ್ಲ ಎನ್ನಲಾಗದು. ಉಬ್ಬರವಿಳಿತದ ನದಿಯಲ್ಲಿ ಎತ್ತಿದ ಹೂಳನ್ನು ಸಮುದ್ರ ಮತ್ತೆ ತಂದು ಹಾಕುತ್ತದೆ.

ಒಬ್ಬರು: ಸ್ಪೇನಿನ ವೆಲೆನ್ಸಿಯಾದಲ್ಲೂ ಇಂಥದೇ ಮಾತು ಹಬ್ಬಿತಲ್ಲ, ಅಣೆಕಟ್ಟುಗಳನ್ನು ಕೆಡವಿದ್ದರಿಂದ 2024ರ ಅಕ್ಟೋಬರ್ 29ರ ನೆರೆ ದುರಂತವಾಯಿತೆಂದು?

ಇನ್ನೊಬ್ಬರು: ಸ್ಪೇನಿನಲ್ಲಿ ತೆಗೆದದ್ದು ಬಳಕೆ ತಪ್ಪಿದ ಸಣ್ಣ ಒಡ್ಡುಗಳನ್ನು. ಯುರೋಪಿನ ನದಿಗಳಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಅಡೆತಡೆಗಳಿವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಅವುಗಳಲ್ಲಿ ಬಹುಪಾಲು ಗಿಡ್ಡ ಒಡ್ಡುಗಳು. ಸದಾ ತುಂಬಿರುವ, ಹೂಳು ಕಟ್ಟಿದ ಒಡ್ಡು ನೆರೆಯ ನೀರನ್ನು ಹಿಡಿಯುವುದಿಲ್ಲ. ಅದು ತಡೆಯುವುದು ಮೀನನ್ನು ಮತ್ತು ಮರಳನ್ನು. ಅಂದು 220ಕ್ಕೂ ಹೆಚ್ಚು ಜನರ ಸಾವಿಗೆ ಮುಖ್ಯ ಕಾರಣವಾದ ಪೋಯೊ ವರ್ಷದ ಹೆಚ್ಚು ದಿನ ಒಣಗಿಯೇ ಇರುವ ಹಳ್ಳ. ಕೆಲವೇ ಗಂಟೆಗಳಲ್ಲಿ ಸುಮಾರು 80 ಸಾವಿರ ಕ್ಯುಸೆಕ್ ಹರಿವು ದಾಖಲಿಸಿ ಅಳತೆಯ ಉಪಕರಣವೇ ಕೊಚ್ಚಿಹೋಯಿತು. ಜನರಿಗೆ ಎಚ್ಚರಿಕೆ ಬಂದದ್ದು ತಡವಾಗಿ. ನೆರೆ ವಲಯವೆಂದು ಗುರುತಿಸಿದ್ದ ಜಾಗದಲ್ಲೇ ಮನೆಗಳಿದ್ದವು. 1957ರ ನೆರೆಯ ನಂತರ ತೂರಿಯಾ ನದಿಯನ್ನು ನಗರದ ದಕ್ಷಿಣಕ್ಕೆ ತಿರುಗಿಸಿ ಸೆಕೆಂಡಿಗೆ ಐದು ಸಾವಿರ ಘನ ಮೀಟರ್ ಸಾಮರ್ಥ್ಯದ ಹೊಸ ಪಾತ್ರ ಕಟ್ಟಿದ್ದರು. ಅದು ವೆಲೆನ್ಸಿಯಾ ನಗರವನ್ನು ಕಾಪಾಡಿತು. ಅದರಾಚೆಯ ಪಾಯ್‌ಪೋರ್ಟಾ, ಕತರೋಜಾ ಊರುಗಳಿಗೆ ಅದರಿಂದ ಏನೂ ಸಿಗಲಿಲ್ಲ.

ಒಬ್ಬರು: ಕಾಂಕ್ರೀಟಿನ ಪಾತ್ರ ನಗರ ಉಳಿಸಿತು ಎಂದು ಒಪ್ಪಿದಂತಾಯಿತು.

ಇನ್ನೊಬ್ಬರು: ಒಪ್ಪದಿರಲು ಕಾರಣವಿಲ್ಲ. ಲಕ್ಷಾಂತರ ಜನ ಈಗಾಗಲೇ ನೆಲೆಸಿದ ಕಡೆ ಗೋಡೆಯೇ ಗತಿ. ಅಲ್ಲಿಯೂ ಕೆಲವೊಮ್ಮೆ ಅವಕಾಶ ಸಿಗುತ್ತದೆ. ಮ್ಯೂನಿಕ್ ನಗರದೊಳಗಿನ ಈಸಾರ್ ನದಿಯ ಎಂಟು ಕಿಲೋಮೀಟರನ್ನು 2000ದಿಂದ 2011ರವರೆಗೆ ಅಗಲಗೊಳಿಸಿ, ಕಾಂಕ್ರೀಟ್ ದಡ ಕಿತ್ತು ಜಲ್ಲಿಕಲ್ಲಿನ ದಡ ಮಾಡಿದರು. ವೆಚ್ಚ 3.5 ಕೋಟಿ ಯೂರೊ. ನೆರೆ ಸಾಗಿಸುವ ಸಾಮರ್ಥ್ಯವೂ ಹೆಚ್ಚಿತು, ಜನರಿಗೆ ಈಜುವ ಜಾಗವೂ ಸಿಕ್ಕಿತು. ಅಲ್ಲಿ ನದಿಯ ಪಕ್ಕದ ಹುಲ್ಲುಗಾವಲು ಆಗಲೇ ಸಾರ್ವಜನಿಕ ಜಮೀನಾಗಿತ್ತು ಎನ್ನುವುದನ್ನು ಮರೆಯಬಾರದು.

ಒಬ್ಬರು: ಮತ್ತೆ ಜಮೀನು.

ಇನ್ನೊಬ್ಬರು: 2024ರ ನಿಸರ್ಗ ಪುನಶ್ಚೇತನ ಕಾಯ್ದೆಯ ಮುಂದೆಯೂ ಅದೇ ಪ್ರಶ್ನೆ ನಿಂತಿದೆ. 2030ರೊಳಗೆ ಒಕ್ಕೂಟದಲ್ಲಿ ಕನಿಷ್ಠ 25,000 ಕಿಲೋಮೀಟರ್ ನದಿ ಮತ್ತೆ ತಡೆಯಿಲ್ಲದೆ ಹರಿಯಬೇಕು, ಬಳಕೆ ತಪ್ಪಿದ ಒಡ್ಡುಗಳನ್ನು ಮೊದಲು ತೆಗೆಯಬೇಕು, ಜತೆಗೆ ನೆರೆಬಯಲಿನ ಸಹಜ ಕೆಲಸಕ್ಕೆ ಬೇಕಾದ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಅದು. ರೈತರ ಟ್ರ್ಯಾಕ್ಟರ್ ಮೆರವಣಿಗೆಗಳ ನಡುವೆ, ಸದಸ್ಯ ರಾಷ್ಟ್ರಗಳ ಮಂತ್ರಿಮಂಡಳಿಯಲ್ಲಿ ಕಷ್ಟದಿಂದ ಪಾಸಾಯಿತು. ಆಸ್ಟ್ರಿಯಾದ ಪರಿಸರ ಸಚಿವೆ ಲಿಯೊನೋರೆ ಗೆವೆಸ್ಲರ್ ತಮ್ಮ ಮಿತ್ರಪಕ್ಷದ ಮಾತು ಮೀರಿ ಮತ ಹಾಕಿದ್ದರಿಂದ ಬಹುಮತ ಸಿಕ್ಕಿತು. ಹಾಗಿದ್ದೂ ಒಡ್ಡು ತೆಗೆಯಿರಿ ಎಂದಷ್ಟು ಸ್ಪಷ್ಟವಾಗಿ ಏರಿ ಸರಿಸಿ ಎಂದು ಅದು ಹೇಳುವುದಿಲ್ಲ, ನೆರೆಬಯಲಿಗೆ ಪ್ರತ್ಯೇಕ ಅಂಕಿಯ ಗುರಿಯೂ ಇಲ್ಲ. ನೆರೆಗೆ ಹೆಚ್ಚು ಪ್ರಯೋಜನವಾಗುವ ಕೆಲಸಕ್ಕೇ ಕಟ್ಟುಪಾಡು ಕಡಿಮೆ.

ಒಬ್ಬರು: ಜಲ ನಿರ್ದೇಶನ, ಪ್ರವಾಹ ನಿರ್ದೇಶನ, ಈಗ ಪುನಶ್ಚೇತನ ಕಾಯ್ದೆ. ಮೂರು ಇಲಾಖೆ ಮೂರು ನಕ್ಷೆ ಮಾಡಿದರೆ ರೈತನ ಮನೆಗೆ ಮೂರು ನೋಟಿಸ್ ಬರುತ್ತದೆ.

ಇನ್ನೊಬ್ಬರು: ಅದನ್ನು ತಪ್ಪಿಸಲೆಂದೇ ಪ್ರವಾಹ ನಿರ್ದೇಶನದ ಒಂಬತ್ತನೆಯ ವಿಧಿ ಎರಡೂ ಯೋಜನೆಗಳನ್ನು ಹೊಂದಿಸಿ ಎಂದು ಮೊದಲೇ ಹೇಳಿದೆ. ಎರಡೂ ಆರು ವರ್ಷಕ್ಕೊಮ್ಮೆ ಹೊಸದಾಗಬೇಕು, ಎರಡರ ಮುಂದಿನ ಗಡುವೂ 2027ರ ಡಿಸೆಂಬರ್. ಪುನಶ್ಚೇತನದ ರಾಷ್ಟ್ರೀಯ ಯೋಜನೆಗಳ ಕರಡಿಗೆ ಗಡುವು ಅದಕ್ಕೂ ಮೊದಲು, 2026ರ ಸೆಪ್ಟೆಂಬರ್ 1. ಏರಿ ಸರಿಸಲು ಗುರುತಿಸಿದ ಜಾಗ ಆ ಕರಡಿನಲ್ಲಿ ಇದ್ದರೆ ಮುಂದಿನ ವರ್ಷದ ನೆರೆ ಯೋಜನೆಯಲ್ಲೂ ಅದೇ ಜಾಗ ಇರುತ್ತದೆ. ರೈತನಿಗೆ ನೋಟಿಸ್ ಒಂದೇ ಹೋಗುತ್ತದೆ, ಪರಿಹಾರದ ಹಣವನ್ನೂ ಎರಡು ಖಾತೆಗಳಿಂದ ಕೂಡಿಸಬಹುದು. ಕರಡಿನಲ್ಲಿ ಬರೀ ಒಡ್ಡುಗಳ ಪಟ್ಟಿ, ನೆರೆ ಯೋಜನೆಯಲ್ಲಿ ಬರೀ ಏರಿಗಳ ಪಟ್ಟಿ ಇದ್ದರೆ ಮುಂದಿನ ಆರು ವರ್ಷವೂ ಎರಡು ಇಲಾಖೆಗಳು ಒಂದೇ ನದಿಯಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ. ವಿನಾಯಿತಿಯ ಅರ್ಜಿಗಳೂ ಆಗ ಹೆಚ್ಚುತ್ತವೆ.